ಅಕ್ಕಿಯಲ್ಲಿ ಬರೆಯುವ ಹೆಸರಿಗೆ ಅಡ್ಡಬಂದ ಯಂತ್ರಕ್ಕೆ

ಪ್ರಮೇಯಗಳನ್ನು ಪರೀಕ್ಷಿಸುವ ಮಾನ್ಯ ಯಂತ್ರದವರೇ,

ಕೋಠಿಯ ಬಟ್ಟೆ ಅಂಗಡಿ ಮನೆತನದ ಹಿರಿಯಳಾದ ನಾನು ತಮಗೆ ಕೈಮುಗಿದು, ತಾವು ಎಂದೂ ತಪ್ಪುವವರಲ್ಲವೆಂಬುದನ್ನು ಹಿರಿಸೊಸೆ ಕಾವ್ಯಾಳ ಬಾಯಿಂದ ಊಟಕ್ಕೆ ಕೂತಾಗಲೆಲ್ಲ ಕೇಳಿ ತಣಿದಿದ್ದೇನೆಂದು ಅರಿಕೆ ಮಾಡಿಕೊಳ್ಳುತ್ತೇನೆ.

ಆಸ್ಪತ್ರೆಯ ಔಷಧಿ ಪಂಪು ಮಿತಿ ಮೀರಿ ಔಷಧಿ ಬಿಡುವುದಿಲ್ಲವೆಂದು ಅವಳು ಮಾದಾಪುರದ ಕಚೇರಿಯ ಕಂಪ್ಯೂಟರಿನಲ್ಲಿ ತರ್ಕದಿಂದ ಸಾಧಿಸಿ ತಮ್ಮ ಮುಂದಿಡುತ್ತಾಳೆ. ಅದರಲ್ಲಿ ಬರುವ ಪ್ರತಿ ಪದಕ್ಕೂ ತಾವು ಹೆಸರಿನ ಜೊತೆ ಬಗೆಯನ್ನೂ ಕೇಳುತ್ತೀರಂತೆ: ಅದು ಎಣಿಕೆಯೋ, ತೂಕವೋ, ಹೌದು-ಅಲ್ಲವೋ ಎಂದು. ಮೊದಲೇ ಸಾರಿ ಹೇಳದ ಹೆಸರಾದರೆ, ಅಥವಾ ಸಾರಿದಾಗ ಹೇಳಿದ ಬಗೆಗೆ ಹೊಂದದಿದ್ದರೆ, ಯಾರ ಮುಖವನ್ನೂ ನೋಡದೆ ವಾಪಸು ಕಳಿಸುತ್ತೀರಂತೆ. ಇಂಥ ಶಿಸ್ತು ಈ ಮನೆಯಲ್ಲಿ ನನ್ನ ಹೊರತು ಯಾರಿಗೂ ಇರಲಿಲ್ಲವಾದ್ದರಿಂದ, ಮೊದಮೊದಲು ತಮ್ಮ ಮೇಲೆ ನನಗೆ ಗೌರವವೇ ಇತ್ತು.

ಕಳೆದ ವಾರ ಕಿರಿಮಗ ಬಸವಕಿರಣನ ಮದುವೆಯಾಯಿತು. ಅತ್ತೆ ಆರಿಸಿದ ಹೊಸ ಹೆಸರನ್ನು ಮದುಮಗ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು ಸೊಸೆಗೆ ಇಡುವುದು ನಮ್ಮ ಪದ್ಧತಿ. ನಾನು ನನ್ನ ಅತ್ತೆಯ ಹೆಸರಾದ ಭಾಗೀರಥಿಯನ್ನು ಆರಿಸಿದ್ದೆ. ಉಂಗುರ ಅಕ್ಕಿಗೆ ತಾಗುವಷ್ಟರಲ್ಲಿ ತಟ್ಟೆ ಹಿಡಿದಿದ್ದ ಕಾವ್ಯಾ ಕಲಬುರಗಿಯ ಬೀಗರೆಲ್ಲರ ಎದುರು, "ತಡೀರಿ ಅತ್ತಿ, ಈ ಹೆಸರು ಆಕಿಗೆ ಮೊದಲ ಯಾರೂ ಹೇಳೇ ಇಲ್ಲ. ಹಿಂಗ ಮಾಡಿದ್ರ ನಮ್ಮ ಯಂತ್ರ ಸುದ್ದಾ ಒಪ್ಪಂಗಿಲ್ರಿ" ಎಂದಳು. ಬೀಗರು ನಕ್ಕರು. ಮದುಮಗಳು ಉಂಗುರ ಇಸಿದುಕೊಂಡು ತಾನೇ ತನ್ನ ತವರಿನ ಹೆಸರು 'ಸ್ನೇಹಲತಾ' ಎಂದು ಬರೆದಳು. ನನ್ನ ಮಗನೋ, ಅಕ್ಷರ ದುಂಡಗಿವೆ ಎಂದು ಮೆಚ್ಚಿಕೊಂಡ.

ಆದಕಾರಣ ತಾವು ದಯಮಾಡಿ ಇಳಕಲ್ ಸೀರೆ ಉಟ್ಟು ಕಲಬುರಗಿಗೆ ಹೋಗಿ, ಬೀಗರ ಮನೆಮನೆಯಿಂದ ಆ ನಗುವನ್ನು ವಾಪಸು ತರಬೇಕು. ಅದು ಆಗದಿದ್ದರೆ 'ಭಾಗೀರಥಿ, ಬಗೆ: ಸೊಸೆ' ಎಂದು ಹಿಂದಿನ ತಾರೀಖಿನಿಂದ ಸಾರಿಕೊಳ್ಳಬೇಕು. ಅತ್ತೆ ಹೇಳಿದ್ದಾಳೆ ಎಂಬುದಕ್ಕಿಂತ ಹೆಚ್ಚಿನ ಪುರಾವೆಯನ್ನು ಕೇಳಕೂಡದು.

ತಮ್ಮಷ್ಟೇ ಹಟಮಾರಿಯಾದ,
ತಮ್ಮ ವಿಶ್ವಾಸಿ,
ಸಾವಿತ್ರಿಬಾಯಿ

ಮರೆತ ಮಾತು: ನನ್ನ ಸಿಟ್ಟು ಇಳಿಸಲು ಕಾವ್ಯಾ ನಿನ್ನೆ ನನ್ನ ತವರಿನ ಹೆಸರು ಕೇಳಿ, 'ಗುರುದೇವಿ, ಬಗೆ: ಮನುಷ್ಯಳು' ಎಂದು ತಮ್ಮಲ್ಲಿ ಸಾರಿದಳು, ತಾವು ತುಟಿ ಬಿಚ್ಚದೆ ಒಪ್ಪಿಕೊಂಡಿರಿ. ನನ್ನ ಅತ್ತೆ ಅಕ್ಕಿಯಲ್ಲಿ 'ಸಾವಿತ್ರಿಬಾಯಿ' ಎಂದು ಬರೆಸಿ ಮುಚ್ಚಿಹಾಕಿದ ಹೆಸರನ್ನು ಮತ್ತೆ ಎತ್ತಲು ತಮಗೆ ಅಧಿಕಾರ ಕೊಟ್ಟವರು ಯಾರು? ಲಿಖಿತ ಉತ್ತರ ಕೊಡತಕ್ಕದ್ದು. ಅಲ್ಲಿಯವರೆಗೆ ಆ ಹೆಸರನ್ನು ಅಳಿಸಕೂಡದು.