ಮೊರಾಗಮ್ಮನ ಹೊಸ್ತಿಲೂ ನನ್ನ ಕಾಲ್ಗುಣವೂ

ಜಗಳವಾಡುವ ನೆರೆಯವರನ್ನು ನಾನು ಸಹಿಸಬಲ್ಲೆ. ತಮ್ಮ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅವರೇ ಕೂಗಿ ಹೇಳಿಬಿಡುತ್ತಾರೆ, ನಮಗೆ ಊಹಿಸುವ ಕಷ್ಟವಿಲ್ಲ. ಕಾರಣವಿಲ್ಲದೆ ಒಳ್ಳೆಯವರಾಗಿಬಿಡುವ ನೆರೆಯವರನ್ನು ಕಂಡರೆ ಮಾತ್ರ ನನ್ನ ಎದೆ ಢವಢವ ಎನ್ನುತ್ತದೆ. ಮೈಸೂರಿನಲ್ಲಿದ್ದಾಗ ಪಕ್ಕದ ಮನೆಯವರು ಒಮ್ಮೆ ಇದ್ದಕ್ಕಿದ್ದಂತೆ ಬಿಸಿಬೇಳೆಬಾತ್ ಕಳಿಸಿದ್ದರು. ನಾವು ಬಾಯಿ ಚಪ್ಪರಿಸಿಕೊಂಡು ತಿಂದು ಮುಗಿಸುವಷ್ಟರಲ್ಲಿ ಅವರ ಕಾಂಪೌಂಡು ನಮ್ಮ ಕಡೆಗೆ ಒಂದು ಅಡಿ ಸರಿದಿತ್ತು. ಅಂದಿನಿಂದ ಯಾರಾದರೂ ಡಬ್ಬಿ ಹಿಡಿದುಕೊಂಡು ಬಂದರೆ ನಾನು ಡಬ್ಬಿಯನ್ನು ಬಿಟ್ಟು ಮೊದಲು ಬೇಲಿಯನ್ನು ನೋಡುತ್ತೇನೆ.

ಇಂಥ ನನಗೆ ಐರ್ಲೆಂಡಿನ ಲಿಮೆರಿಕ್‌ನಲ್ಲಿ ಸಿಕ್ಕ ನೆರೆಯಾಕೆ ಮೊರಾಗ್. ನನ್ನ ಹೆಂಡತಿ ಸುಮಾಳ ಬಾಯಲ್ಲಿ ಮೊರಾಗಮ್ಮ. ಸ್ಕಾಟ್ಲೆಂಡಿನವರು. ಲಿಮೆರಿಕ್‌ನ ಗಂಡನ್ನು ಮದುವೆಯಾಗಿ ಬಂದು ನಲವತ್ತು ವರ್ಷದ ಮೇಲಾಯಿತು, ಆ ಪುಣ್ಯಾತ್ಮ ತೀರಿಕೊಂಡೂ ಕೆಲವು ವರ್ಷಗಳಾದವು. ಆದರೂ ಆಕೆ ಇನ್ನೂ ನಿನ್ನೆ ಸಂಜೆ ಬಸ್ಸಿಳಿದವರ ಹಾಗೆ ಈ ಊರನ್ನು ಅಳೆಯುತ್ತಾರೆ. ಇಲ್ಲಿನ ಮಳೆಗೆ ಶಿಸ್ತಿಲ್ಲ, ಇಲ್ಲಿನವರಿಗೆ ಟೈಮ್ ಗೊತ್ತಿಲ್ಲ, ಓಟ್ಸ್ ಗಂಜಿಗೆ ಸಕ್ಕರೆ ಸುರಿಯುವವರು ಮನುಷ್ಯರೇ ಅಲ್ಲ. ಗಂಜಿಗೆ ಉಪ್ಪೇ ಹಾಕಬೇಕು ಎಂಬಲ್ಲಿ ನಮ್ಮಿಬ್ಬರದೂ ಒಂದೇ ಮತ. ಅದೊಂದನ್ನು ಬಿಟ್ಟರೆ ನಾವು ಈ ಮನೆಗೆ ಬಂದಾಗಿನಿಂದ ನಮ್ಮ ನಡುವಿನ ಸಂಬಂಧ ತಲೆಯಾಡಿಸುವುದಕ್ಕಿಂತ ಮುಂದೆ ಹೋಗಿರಲಿಲ್ಲ.

ಅಂಥ ಮೊರಾಗಮ್ಮ ಹೋದ ವರ್ಷ ಡಿಸೆಂಬರಿನಲ್ಲಿ ಒಂದು ತಟ್ಟೆ ಬೆಣ್ಣೆ ಬಿಸ್ಕತ್ತು ಹಿಡಿದು, ಊರುಗೋಲು ಕುಟ್ಟುತ್ತಾ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ನನ್ನ ತಲೆಯನ್ನು ನೋಡಿದರು, ಆಮೇಲೆ ನಿಧಾನವಾಗಿ ಪಾದಗಳನ್ನು ನೋಡಿದರು. ಅಂಗಡಿಯಲ್ಲಿ ಬೀರು ಕೊಳ್ಳುವವರು ಅದನ್ನು ಮೇಲಿಂದ ಕೆಳಗೆ ನೋಡುತ್ತಾರಲ್ಲ, ಹಾಗೆ. "ನಿನ್ನ ಎತ್ತರ ಎಷ್ಟು?" ಎಂದು ಕೇಳಿದರು. ಹೇಳಿದೆ. "ಹೊಸ ವರ್ಷಕ್ಕೆ ಊರಲ್ಲೇ ಇರ್ತೀಯಾ?" ಎಂದರು. ಊರಲ್ಲಿರುತ್ತೀರಾ ಎಂದು ಕೇಳುವವರು ಎರಡೇ ಬಗೆ, ನೆಂಟರು ಮತ್ತು ಕಳ್ಳರು. ಆಕೆ ನಮ್ಮ ನೆಂಟರಂತೂ ಅಲ್ಲ.

ಅಲ್ಲಿಂದ ಮುಂದೆ ಬುಲಾವ್ ಮೇಲೆ ಬುಲಾವ್. ಇವತ್ತು ಬಲ್ಬ್ ಬದಲಾಯಿಸು, ನಾಳೆ ವೈಫೈ ನೋಡು, ಇನ್ನೊಂದು ದಿನ ಜಾಮ್ ಬಾಟಲಿಯ ಮುಚ್ಚಳ ತೆಗೆದುಕೊಡು. ಕೆಲಸ ಮುಗಿಸಿ ಹೊರಟರೆ ಆಕೆ ಹಾಲ್‌ನಲ್ಲಿ ನಿಂತು ಕಿವಿಗೊಟ್ಟು ಏನನ್ನೋ ಆಲಿಸುತ್ತಿದ್ದರು. ನನಗೆ ನಿದ್ದೆ ಕೆಟ್ಟಿತು. ನಮ್ಮ ಒಗ್ಗರಣೆಯ ಘಾಟಿನ ಮೇಲೆ ಕೌನ್ಸಿಲ್‌ಗೆ ದೂರು ಕೊಡಲು ಸಾಕ್ಷಿ ಸೇರಿಸುತ್ತಿದ್ದಾರೆ ಎಂದುಕೊಂಡೆ. ಸುಮಾಳ ಹತ್ತಿರ ಹೇಳಿದರೆ ಅವಳು ಮೊಬೈಲಿನಿಂದ ತಲೆಯೆತ್ತದೆ, "ಬಿಡ್ರೀ, ನಿಮ್ಮಲ್ಲಿ ಕದಿಯೋಕೆ ಏನೈತೆ?" ಎಂದಳು. ಮಗಳನ್ನು ಕೇಳಿದೆ. ಇಲ್ಲೇ ಹುಟ್ಟಿದವಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಲಿಮೆರಿಕ್ ರಾಗದಲ್ಲೇ ಉತ್ತರ. "ಶೀ ಈಸ್ ಗ್ರಾಂಡ್, ಅಪ್ಪಾ. ಯೂ ಆರ್ ದ ವಿಯರ್ಡ್ ಒನ್." ಮನೆಯಲ್ಲಿ ಯಾರ ಬೆಂಬಲವೂ ಸಿಗದ ಮೇಲೆ ಸಂಶಯವನ್ನು ಒಬ್ಬನೇ ಹೊತ್ತು ತಿರುಗಬೇಕಾಯಿತು.

ಕ್ರಿಸ್‌ಮಸ್ ಮುಗಿದ ಮಾರನೆಯ ದಿನ ಆಕೆ ಕೂರಿಸಿಕೊಂಡು ವಿಷಯ ಹೇಳಿದರು. ಸ್ಕಾಟ್ಲೆಂಡಿನಲ್ಲಿ ಹೊಸ ವರ್ಷ ಹುಟ್ಟಿದ ಮೇಲೆ ಹೊಸ್ತಿಲು ದಾಟಿ ಒಳಗೆ ಬರುವ ಮೊದಲ ಮನುಷ್ಯನ ಮೇಲೆ ಆ ಮನೆಯ ಇಡೀ ವರ್ಷ ನಿಂತಿರುತ್ತದಂತೆ. ಗಂಡಸಾಗಿರಬೇಕು, ಎತ್ತರವಿರಬೇಕು, ತಲೆಗೂದಲು ಕಪ್ಪಾಗಿರಬೇಕು. ಬರಿಗೈಯಲ್ಲಿ ಬರಬಾರದು. ಕಲ್ಲಿದ್ದಲು, ಉಪ್ಪು, ಬಿಸ್ಕತ್ತು, ಒಂದು ಬಾಟಲಿ ವಿಸ್ಕಿ ತರಬೇಕು. ಕಲ್ಲಿದ್ದಲನ್ನು ಬೆಂಕಿಗೆ ಹಾಕುವ ತನಕ ತುಟಿ ಬಿಚ್ಚಬಾರದು. ಕೆಂಗೂದಲಿನವರು ಬಂದರೆ ಕೇಡು, ಹೆಂಗಸರು ಬಂದರೆ ಇನ್ನೂ ಕೇಡು. ಹಿಂದಿನ ಜನವರಿ ಒಂದಕ್ಕೆ ಎದುರು ಮನೆಯ ಕೆಂಗೂದಲಿನವನು ಕಾರಿನ ಬ್ಯಾಟರಿಗೆ ವೈರ್ ಕೇಳಿಕೊಂಡು ಸೀದಾ ಒಳಗೆ ನುಗ್ಗಿದ್ದನಂತೆ. ಆ ವರ್ಷವೇ ಮೊರಾಗಮ್ಮ ತೋಟದಲ್ಲಿ ಬಿದ್ದು ಸೊಂಟದ ಕೀಲು ಕೆಡಿಸಿಕೊಂಡರು. ಈಗ ಜನವರಿ ಕೊನೆಗೆ ಆಪರೇಷನ್. "ಈ ಸಲ ತಪ್ಪಾಗೋ ಹಾಗಿಲ್ಲ" ಎಂದರು. ನನಗೆ ಪಾಪ ಎನಿಸಿತು.

ಅವರ ತಂಗಿ ಸ್ಕಾಟ್ಲೆಂಡಿನಲ್ಲೇ ಇದ್ದಾಳೆ, ಅವಳು ಇದನ್ನೆಲ್ಲ ಬಿಟ್ಟು ಟಿವಿ ನೋಡಿಕೊಂಡು ಮಲಗುತ್ತಾಳಂತೆ. ಅದನ್ನು ಕೇಳಿ ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಮೈಸೂರಿನ ಮನೆಯಲ್ಲಿ ಸಂಕ್ರಾಂತಿಯ ಎಳ್ಳು ಬೆಲ್ಲ ಅಂಗಡಿಯ ಪ್ಯಾಕೆಟ್ಟಿನಲ್ಲಿ ಬರಲು ಶುರುವಾಗಿ ಎಷ್ಟೋ ಕಾಲವಾಯಿತು. ಲಿಮೆರಿಕ್‌ನಲ್ಲಿ ನಾವು ಮಾತ್ರ ಕೊಬ್ಬರಿ ಹೆಚ್ಚಿ, ಬೆರಳು ಹೆಚ್ಚಿಕೊಂಡು, ಬ್ಯಾಂಡೇಜು ಸುತ್ತಿಕೊಂಡು ಹಬ್ಬ ಮಾಡುತ್ತೇವೆ. ಊರು ಬಿಟ್ಟವರ ಮಡಿಯೇ ಮಡಿ.

ಆದರೆ ನನ್ನ ಸಂಕಟ ಬೇರೆ. ನನ್ನ ಕಾಲ್ಗುಣ ನಮ್ಮ ನೆಂಟರಿಷ್ಟರಲ್ಲಿ ಪ್ರಸಿದ್ಧ. ಹೆಣ್ಣು ನೋಡಲು ಸುಮಾಳ ಮನೆಗೆ ಕಾಲಿಟ್ಟ ದಿನವೇ ಅವರ ನೀರಿನ ಮೋಟಾರು ಸುಟ್ಟುಹೋಯಿತು. ಕೈ ತೊಳೆಯಲು ನೀರಿಲ್ಲದೆ ಎರಡೂ ಕಡೆಯವರು ಉಪ್ಪಿಟ್ಟಿನ ಕೈಯಲ್ಲೇ ನಮಸ್ಕಾರ ಮಾಡಿಕೊಂಡರು. ಅತ್ತೆ ಇವತ್ತಿಗೂ ಅದನ್ನು ಮರೆತಿಲ್ಲ, ಮರೆಯಲು ಸುಮಾ ಬಿಟ್ಟಿಲ್ಲ. ಇಂಥ ಕಾಲನ್ನು ಆಪರೇಷನ್ ಎದುರಿಗಿಟ್ಟುಕೊಂಡ ಮುದುಕಿಯ ಮನೆಯೊಳಗೆ ಹೇಗಿಡಲಿ? ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಮೊರಾಗಮ್ಮ ನಗಲಿಲ್ಲ. "ಗೊತ್ತು. ನನಗೂ ನಿನ್ನ ಮೇಲೆ ಸಂಶಯ ಇತ್ತು. ಅದಕ್ಕೇ ಮೂರು ಸಲ ಕರೆದು ಪರೀಕ್ಷೆ ಮಾಡಿದೆ. ನೀನು ಹೋದ ಮೇಲೆ ಏನು ಕೆಡುತ್ತೆ ಅಂತ ಕಾದೆ. ಬಾಯ್ಲರ್ ಒಂದು ಕೆಟ್ಟಿತು, ಆದರೆ ಅದು ಹಳೇದು" ಎಂದರು. ಆಮೇಲೆ ನನ್ನ ತಲೆಯ ಕಡೆ ನೋಡಿ, "ಕೂದಲಿಗೆ ಬಣ್ಣ ಹಚ್ತೀಯ ಅಂತಲೂ ಗೊತ್ತು. ಈ ಬೀದಿಯಲ್ಲಿ ಇದಕ್ಕಿಂತ ಕಪ್ಪು ಸಿಗಲ್ಲ, ಏನು ಮಾಡೋದು" ಎಂದು ಸೇರಿಸಿದರು. ಅವಮಾನವನ್ನೂ ಆಹ್ವಾನವನ್ನೂ ಒಂದೇ ತಟ್ಟೆಯಲ್ಲಿ ಬಡಿಸುವ ಈ ಕಲೆ ಸ್ಕಾಟ್ಲೆಂಡಿನದ್ದೋ ಮೊರಾಗಮ್ಮನದ್ದೋ ನನಗೆ ತಿಳಿಯದು. ಒಪ್ಪಿಕೊಂಡೆ.

ನಮ್ಮ ಹೊಸ ಮನೆಯಲ್ಲಿ ಒಲೆಯೂ ಇಲ್ಲ, ಹೊಗೆಗೂಡೂ ಇಲ್ಲ. ಒಂದೇ ಒಂದು ತುಂಡು ಕಲ್ಲಿದ್ದಲಿಗಾಗಿ ಪೆಟ್ರೋಲ್ ಬಂಕಿನಿಂದ ಇಡೀ ಮೂಟೆ ಹೊತ್ತು ತಂದೆ. ಹನ್ನೆರಡರವರೆಗೆ ಎದ್ದಿರುವ ವಯಸ್ಸು ಹೋಯಿತು, ರಾತ್ರಿ ಯಾರಿಗೂ ಬಾಗಿಲು ತೆಗೆಯುವುದಿಲ್ಲ, ಬೆಳಿಗ್ಗೆ ಬಾ ಎಂದು ಮೊರಾಗಮ್ಮ ಹೇಳಿದ್ದರು. ಒಂದನೇ ತಾರೀಕು ಬೆಳಿಗ್ಗೆ ಸ್ನಾನ ಮಾಡಿ, ಕೋಟು ತೊಟ್ಟು, ಉಪ್ಪು, ಬಿಸ್ಕತ್ತು, ಬಾಟಲಿಗಳನ್ನು ಅದರ ಜೇಬಿಗೆ ತುಂಬಿ, ಗಾಂಭೀರ್ಯಕ್ಕೆಂದು ಲೇಸಿನ ಕಪ್ಪು ಶೂ ಕಟ್ಟಿ ಹೊರಟೆ. ಹಿಂದೆ ಸುಮಾ, ಒಬ್ಬಟ್ಟಿನ ಡಬ್ಬಿ ಹಿಡಿದು. ಮೊರಾಗಮ್ಮ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತರು. ಒಳ್ಳೆಯ ಸೀರೆಯಷ್ಟೇ ಜತನದಿಂದ ಇಟ್ಟ ಚೌಕಳಿ ಶಾಲು ಹೊದ್ದಿದ್ದರು. ಗೋಡೆಯ ಗಡಿಯಾರ ಕೂಡ ನನ್ನನ್ನೇ ನೋಡುತ್ತಿದ್ದಂತಿತ್ತು.

ಆಗ ನಾನು ಹುಟ್ಟಿನಿಂದ ಯಾರ ಮನೆಯ ಹೊಸ್ತಿಲಲ್ಲೂ ತಪ್ಪದೆ ಮಾಡಿಕೊಂಡು ಬಂದ ಕೆಲಸವನ್ನೇ ಮಾಡಿದೆ. ಬಗ್ಗಿ ಶೂ ಬಿಚ್ಚತೊಡಗಿದೆ. ಯಾರೂ ಹೇಳಲಿಲ್ಲ, ನಾನೂ ಯೋಚಿಸಲಿಲ್ಲ. ಇಷ್ಟು ದೊಡ್ಡ ಶುಭಕಾರ್ಯಕ್ಕೆ ಮೆಟ್ಟಿನ ಕಾಲಲ್ಲಿ ಹೋಗುವುದುಂಟೇ? ಬೆಳಿಗ್ಗೆ ಗಾಬರಿಯಲ್ಲಿ ಎರಡೆರಡು ಗಂಟು ಹಾಕಿದ್ದೆ, ಬಿಚ್ಚುತ್ತಲೇ ಇರಲಿಲ್ಲ. ನಾನೇನು ಮಾಡುತ್ತಿದ್ದೇನೆಂದು ನೋಡಲು ಮೊರಾಗಮ್ಮ ಮುಂದೆ ಬಾಗಿದರು, ಊರುಗೋಲು ನುಣುಪು ನೆಲದ ಮೇಲೆ ಜಾರಿತು. ಸುಮಾ ಆಸ್ಪತ್ರೆಯಲ್ಲಿ ಫಿಸಿಯೋ, ಬೀಳುವವರನ್ನು ಹಿಡಿಯುವುದೇ ಅವಳ ಕೆಲಸ. ಚಪ್ಪಲಿ ಒದ್ದು ತೆಗೆದು, ನನ್ನನ್ನು ದಾಟಿ ಒಳಗೆ ಹಾರಿ ಅವರನ್ನು ತಬ್ಬಿ ಹಿಡಿದಳು. ನಾನು ಬಾಯಿ ತೆರೆದೆ, ಆದರೆ ಮಾತಾಡಬಾರದೆಂಬ ಕಟ್ಟಳೆ ನೆನಪಾಗಿ ಮುಚ್ಚಿಕೊಂಡೆ. ಒಂದು ಕೈಯಲ್ಲಿ ಕಲ್ಲಿದ್ದಲು, ಇನ್ನೊಂದು ಕೈಯಲ್ಲಿ ಲೇಸು. ಮೊರಾಗಮ್ಮನ ಮನೆಗೆ ಆ ವರ್ಷ ಮೊದಲು ಕಾಲಿಟ್ಟದ್ದು ಹೆಣ್ಣು.

ಮೊರಾಗಮ್ಮ ಸಾವರಿಸಿಕೊಂಡು ಕುರ್ಚಿಯಲ್ಲಿ ಕೂತರು. ಒಬ್ಬಟ್ಟು ತಿಂದರು, ಥ್ಯಾಂಕ್ಸ್ ಎಂದರು, ಅಷ್ಟೇ. ಆದರೆ ಜನವರಿ ಪೂರ್ತಿ ಸುಮಾಳನ್ನು ಕಂಡಾಗಲೆಲ್ಲ ಅವರ ಕಣ್ಣು ಅವಳ ಪಾದಕ್ಕೆ ಇಳಿಯುತ್ತಿತ್ತು. ಆಪರೇಷನ್ ದಿನ ಸುಮಾ ಬೆಳಗಿನಿಂದ ಅನ್ನ ಮುಟ್ಟಲಿಲ್ಲ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನಿಂದಾನೇ ಅಂತಾರಾ, ರೀ?" ಎಂದು ಕೇಳಿದಳು. ಮೋಟಾರಿನ ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗುತ್ತಿರಲಿಲ್ಲ. ಆದರೆ ಅವಳ ಮುಖ ನೋಡಿ ಅನ್ನದ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದೆ. ಮಾಡದ ತಪ್ಪನ್ನು ಕಾಲಿಗೆ ಕಟ್ಟಿಕೊಂಡು ತಿರುಗುವುದು ಎಂಥದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? "ನೀನು ಹಿಡೀದೇ ಇದ್ದಿದ್ರೆ ಅವತ್ತೇ ಮುಗೀತಿತ್ತು ಕಣೆ. ಊಟ ಮಾಡು" ಎಂದೆ.

ಆಪರೇಷನ್ ಹೂವೆತ್ತಿದ ಹಾಗೆ ಆಯಿತು. ಬೇಸಿಗೆಗೆಲ್ಲ ಮೊರಾಗಮ್ಮ ಊರುಗೋಲು ಬಿಟ್ಟು ನಡೆದಾಡತೊಡಗಿದರು. ಸ್ಕಾಟ್ಲೆಂಡಿನ ತಂಗಿಗೆ ಫೋನು ಮಾಡಿ, ಗಂಡಸೇ ಆಗಬೇಕೆಂದು ಹೇಳಿದವರು ಗಂಡಸರೇ ಇರಬೇಕು ಎಂದು ತೀರ್ಪು ಕೊಟ್ಟದ್ದು ಬೇಲಿಯಾಚೆಯಿಂದ ನನಗೇ ಕೇಳಿಸಿತು. ಮೊನ್ನೆ, ಮತ್ತೆ ಡಿಸೆಂಬರ್ ಬಂದಾಗ, ನಮ್ಮ ಮನೆಗೆ ಬಂದರು. ನಾನು ಎದೆಯುಬ್ಬಿಸಿ ಎದುರಿಗೆ ನಿಂತೆ. ನನ್ನನ್ನು ದಾಟಿಕೊಂಡು ಅಡುಗೆಮನೆಗೆ ಹೋಗಿ, ಒಂದನೇ ತಾರೀಕು ಬೆಳಿಗ್ಗೆ ಬರಬೇಕೆಂದು ಸುಮಾಳನ್ನು ಕರೆದರು. ಹೊರಡುವಾಗ ನನ್ನ ಕಡೆ ತಿರುಗಿ, "ನೀನೂ ಬಾ, ಕಲ್ಲಿದ್ದಲು ಹೊರೋಕೆ ಒಬ್ಬರು ಬೇಕಲ್ಲ. ಆದರೆ ಅವಳು ಒಳಗೆ ಬರೋ ತನಕ ನೀನು ಶೂ ಬಿಚ್ಚುತ್ತಾ ಇರು" ಎಂದರು. ಬದುಕಿನಲ್ಲಿ ಮೊದಲ ಸಲ ನನ್ನ ಕಾಲಿಗೂ ಒಂದು ಶುಭಕಾರ್ಯದ ಜವಾಬ್ದಾರಿ ಸಿಕ್ಕಿದೆ. ಅದು ಹೊರಗೇ ಇರುವುದು.