ಬೆಕ್ಕಿನ ಉಗುರಿಗೆ ನಾಲ್ಕು ಕೈ

ಒಬ್ಬರೇ ಇರುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ಬಹಳ ಕಾಲ ಒಂದು ಬಗೆಯ ಕನಿಕರವಿತ್ತು. ಬೇಯಿಸಲು ಒಂದು ಪಾವು ಅಕ್ಕಿ, ಓದಲು ಒಂದು ಲಾಟೀನು, ಬಾಗಿಲಿಗೆ ಒಂದು ಒಳ್ಳೆಯ ಚಿಲಕ, ಇಷ್ಟಿದ್ದ ಮೇಲೆ ಇನ್ನೊಬ್ಬರ ಅಗತ್ಯ ಎಲ್ಲಿ ಬರುತ್ತದೆ ಎಂದು ನನ್ನ ವಾದ. ಹಾಸಿಗೆಯನ್ನು ಒಬ್ಬಳೇ ಬಿಸಿಲಿಗೆ ಹಾಕಬಹುದು. ಎರಡು ಸಲ ಎಳೆಯಬೇಕು, ಅಷ್ಟೆ. ಒದ್ದೆ ಸೀರೆಯನ್ನು ಒಬ್ಬಳೇ ಹಿಂಡಬಹುದು. ಒಂದು ತುದಿಯನ್ನು ಬಾವಿಯ ಕಂಬಕ್ಕೆ ಸುತ್ತಿದರಾಯಿತು. ಬೆನ್ನು ತುರಿಸಿದರೆ ಬಾಗಿಲ ಚೌಕಟ್ಟು ಇದ್ದೇ ಇದೆ. ಹೀಗೆ ಜಗತ್ತಿನ ಎಲ್ಲ ಕೆಲಸಗಳಿಗೂ ಎರಡು ಕೈ ಸಾಕೆಂದು ತೀರ್ಮಾನಿಸಿ ಕುಳಿತಿದ್ದ ನನ್ನನ್ನು ಸೋಲಿಸಿದ್ದು ಒಂದು ಬೆಕ್ಕಿನ ಉಗುರು.

ನಾನು ಮೈಸೂರಿನವಳು. ಪದವಿ ಮುಗಿಸಿದ ಕೂಡಲೇ ಆಲಂಕಾರಿನಲ್ಲಿ ಟೀಚರ್ ಕೆಲಸ ಸಿಕ್ಕಿತು. ನಕ್ಷೆಯಲ್ಲಿ ಊರು ಕಾಣಲಿಲ್ಲ. ಪುತ್ತೂರು ಕಂಡಿತು, ಅದರ ಆಸುಪಾಸಿನಲ್ಲಿ ಎಲ್ಲೋ ಇರಬೇಕೆಂದು ಟ್ರಂಕು ಕಟ್ಟಿಕೊಂಡು ಬಂದೆ. ಇಲ್ಲಿನ ಜನ ನನ್ನನ್ನು ಗೌರವದಿಂದ ನೋಡಿದರು, ಅಂದರೆ ದೂರದಿಂದ ನೋಡಿದರು. ನಾನೂ ಅದಕ್ಕೆ ತಕ್ಕಂತೆಯೇ ಇದ್ದೆ. ಕೇಳಿದ್ದಕ್ಕೆ ಸರಿಯಾದ ಉತ್ತರ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಇದು ನನ್ನ ಸ್ವಭಾವ. ಒಳ್ಳೆಯ ಗುಣವೆಂದೇ ತಿಳಿದಿದ್ದೆ. ಒಂದು ಸೋಮವಾರ ಬೆಳಿಗ್ಗೆ ಹಾಜರಿ ಕರೆಯಲು ಬಾಯಿ ತೆರೆದರೆ ಸ್ವರ ಹೊರಡಲಿಲ್ಲ. ಶೀತವಿರಬೇಕೆಂದು ಹೆಡ್ಮಾಸ್ತರರು ಕಾಳುಮೆಣಸಿನ ಕಷಾಯ ಹೇಳಿದರು. ಶೀತವಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಯಾರೊಡನೆಯೂ ಮಾತನಾಡಿರಲಿಲ್ಲ. ಅದನ್ನು ಅವರಿಗೆ ಹೇಳಲಾಗುತ್ತದೆಯೇ? ಕಷಾಯ ಕುಡಿದೆ.

ಬೆಕ್ಕು ಬಂದದ್ದು ಆ ವಾರವೇ. ಬೂದು ಬಣ್ಣದ ಗಂಡು ಬೆಕ್ಕು. ಕರೆಯದೆ ಬಂತು, ಕೇಳದೆ ಕೂತಿತು. ನಾನು ಅದಕ್ಕೆ ಹೆಸರಿಡಲಿಲ್ಲ, ಸಲಿಗೆ ಬೆಳೆದೀತೆಂದು. ಹಾಲು ಕಲಸಿದ ಅನ್ನವನ್ನು ನಾನು ಹಾಕಿದಷ್ಟೂ ತಿನ್ನುತ್ತಿತ್ತು. ಸಸ್ಯಾಹಾರಿಯಾಗಲು ಒಪ್ಪಿದ ಬೆಕ್ಕೆಂದು ನನಗೆ ಅದರ ಮೇಲೆ ವಿಶೇಷ ಗೌರವ. ಸಂಜೆ ಲಾಟೀನಿನ ಎದುರು ನಾನು ಪುಸ್ತಕ ತೆರೆದರೆ ಅದು ಪುಟದ ಮೇಲೆಯೇ ಮಲಗುತ್ತಿತ್ತು. ಮೊದಲು ಅದನ್ನು ಸರಿಸಿ ಓದುತ್ತಿದ್ದೆ. ಆಮೇಲೆ ಓದುವುದನ್ನೇ ಬಿಟ್ಟೆ.

ಒಂದು ಸಂಜೆ ಅದು ಮೂರು ಕಾಲಿನಲ್ಲಿ ಬಂತು. ಮುಂದಿನ ಬಲಗಾಲನ್ನು ನೆಲಕ್ಕೆ ತಾಗಿಸುತ್ತಿರಲಿಲ್ಲ. ದೀಪ ತಂದು ನೋಡಿದರೆ ಒಂದು ಉಗುರು ಬುಡದ ಹತ್ತಿರ ಮುರಿದು, ಪೂರ್ತಿ ಬೀಳದೆ, ಓರೆಯಾಗಿ ಜೋತಾಡುತ್ತಿದೆ, ಸುತ್ತ ರಕ್ತ. ಹೆಜ್ಜೆಯಿಟ್ಟರೆ ಚಾಪೆಗೆ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡರೆ ಬೆಕ್ಕು ಕಿರುಚುತ್ತದೆ. ಇಷ್ಟು ಸಣ್ಣ ವಸ್ತು ಇಷ್ಟು ದೊಡ್ಡ ಕೂಗು ಹೊರಡಿಸಬಲ್ಲದೆಂದು ನನಗೆ ತಿಳಿದಿರಲಿಲ್ಲ. ಕೀವಾಗಿ ಸತ್ತೇ ಹೋದರೆ ಎಂಬ ಯೋಚನೆ ಬಂದದ್ದೇ ತಡ, ಚಪ್ಪಲಿ ಮೆಟ್ಟಿ ಪೇಟೆಗೆ ಓಡಿದೆ.

ನಮ್ಮ ಪೇಟೆಗೆ ಡಾಕ್ಟರು ವಾರಕ್ಕೆರಡು ದಿನ ಬರುತ್ತಾರೆ. ಉಳಿದ ದಿನಗಳಲ್ಲಿ ಕಾಂಪೌಂಡರೇ ಡಾಕ್ಟರು. ಅವರ ಮುಂದೆ ಬೆಂಚಿನಲ್ಲಿ ನಾಲ್ಕಾರು ಜನ ಕುಳಿತಿದ್ದರು. ಅಷ್ಟು ಜನರ ಎದುರು ಬೆಕ್ಕಿನ ವಿಷಯ ಹೇಗೆ ಎತ್ತುವುದು? ಉಗುರು ಮುರಿದರೆ ಏನು ಮಾಡಬೇಕೆಂದು ಮೆಲ್ಲಗೆ ಕೇಳಿದೆ.

"ಯಾರ ಉಗುರು ಟೀಚರೆ?"

"ಮನೆಯಲ್ಲಿರುವವರದ್ದು."

"ಪ್ರಾಯ ಎಷ್ಟು?"

"ಎರಡು ವರ್ಷ ಇರಬಹುದು."

"ಅಯ್ಯೋ, ಸಣ್ಣದು!" ಎಂದು ಅವರು ಪುಡಿ ಕಟ್ಟತೊಡಗಿದರು. "ಇದು ಬೋರಿಕ್ ಪುಡಿ. ಉಪ್ಪುನೀರಲ್ಲಿ ತೊಳೆದು, ನೇತಾಡುವ ತುಂಡನ್ನು ಕತ್ತರಿಸಿ, ಇದನ್ನು ಹಾಕಿ. ಅಳ್ತದೆ, ಒದೀತದೆ. ಒಬ್ರು ಗಟ್ಟಿ ಹಿಡ್ಕೊಳ್ಬೇಕು, ಇನ್ನೊಬ್ರು ಮಾಡ್ಬೇಕು. ಮನೆಯಲ್ಲಿ ಮತ್ತೆ ಯಾರುಂಟು?"

ಎಂಥ ಕಠಿಣ ಪ್ರಶ್ನೆಪತ್ರಿಕೆಗೂ ನಾನು ಖಾಲಿ ಉತ್ತರಪತ್ರಿಕೆ ಕೊಟ್ಟವಳಲ್ಲ. ಅಂದು ಪುಡಿಯ ಪೊಟ್ಟಣ ತೆಗೆದುಕೊಂಡು, ದುಡ್ಡು ಕೊಟ್ಟು ಹೊರಟುಬಂದೆ.

ಒಬ್ಬಳೇ ಮಾಡಿಯೇ ತೀರುತ್ತೇನೆಂದು ಹಟ ಹಿಡಿದೆ. ಬೆಕ್ಕನ್ನು ಎಡಗೈಯಲ್ಲಿ ಹಿಡಿದರೆ ಕಾಲು ಹಿಡಿಯಲು ಕೈಯಿಲ್ಲ. ಕಾಲು ಹಿಡಿದರೆ ಕತ್ತರಿಗೆ ಕೈಯಿಲ್ಲ. ಕತ್ತರಿ ಹಿಡಿದರೆ ಬೆಕ್ಕೇ ಇಲ್ಲ. ಅದನ್ನು ದಿಂಬಿನ ಚೀಲಕ್ಕೆ ತುಂಬಿಸಿ ಕಾಲೊಂದನ್ನೇ ಹೊರಗೆ ತರಲು ನೋಡಿದೆ. ತಲೆ ಹೊರಗೆ ಬಂತು. ಮೊಣಕಾಲುಗಳ ನಡುವೆ ಒತ್ತಿ ಹಿಡಿದೆ. ಅದು ಉಳಿದ ಉಗುರುಗಳೆಲ್ಲ ಸುಸ್ಥಿತಿಯಲ್ಲಿವೆ ಎಂಬುದನ್ನು ನನ್ನ ಮುಂಗೈ ಮೇಲೆ ತೋರಿಸಿ ಅಟ್ಟಕ್ಕೆ ಹಾರಿತು. ಬೋರಿಕ್ ಪುಡಿಯನ್ನು ನನಗೇ ಹಚ್ಚಿಕೊಂಡೆ. ಅದು ಅಟ್ಟದ ಮೇಲೆ, ನಾನು ನೆಲದ ಮೇಲೆ, ಇಬ್ಬರೂ ಗಾಯ ನೆಕ್ಕಿಕೊಳ್ಳುತ್ತ ಕುಳಿತೆವು. ನಾನು ನೆಕ್ಕಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಮರುದಿನ ಶಾಲೆಯಿಂದ ಬಂದಾಗ ಅದು ಹಾಲನ್ನವನ್ನು ಮೂಸಿಯೂ ನೋಡದೆ ಮೂಲೆಯಲ್ಲಿ ಬಿದ್ದಿತ್ತು. ಟವೆಲಿನಲ್ಲಿ ಸುತ್ತಿ ಎತ್ತಿಕೊಂಡರೆ ಪ್ರತಿಭಟಿಸಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಅಗತ್ಯವಿಲ್ಲವೆಂದಿದ್ದ ಇನ್ನೆರಡು ಕೈಗಳನ್ನು ಎಲ್ಲಿಂದಾದರೂ ತರಲೇಬೇಕಿತ್ತು.

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ, ಒಂದೇ ಬಾವಿ. ಆಚೆ ಇರುವವರು ಬೀಫಾತುಮ್ಮ, ನಲವತ್ತರ ಆಸುಪಾಸಿನ ಹೆಂಗಸು, ಈ ಕಡೆಯ ಬ್ಯಾರಿ ಮುಸಲ್ಮಾನರು. ಗಂಡನಿಗೆ ಬೊಂಬಾಯಿಯಲ್ಲಿ ವ್ಯಾಪಾರ. ಒಬ್ಬಳೇ ಮಗಳನ್ನು ಬೆಟ್ಟಂಪಾಡಿಗೆ ಕೊಟ್ಟಿದೆ. ಹಬ್ಬದ ದಿನ ಅವರು ಒಂದು ಬಟ್ಟಲು ತುಂಬ ಬಾಳೆಹಣ್ಣು, ಸಕ್ಕರೆ ಕಳಿಸಿದ್ದರು. ನಾನು ಬಟ್ಟಲನ್ನು ಚೆನ್ನಾಗಿ ತೊಳೆದು ಅರ್ಧ ಗಂಟೆಯೊಳಗೆ ಮರಳಿಸಿ, "ವಂದನೆಗಳು" ಎಂದು ಹೇಳಿ ಬಂದಿದ್ದೆ. ಸಭೆ ಮುಗಿಸಿದ ಹಾಗೆ. ಆಮೇಲೆ ಬಟ್ಟಲು ಬರಲಿಲ್ಲ.

ಅವರ ಹಿತ್ತಲ ಬಾಗಿಲಿಗೆ ಹೋಗಿ ನಿಂತೆ. ಬೀಫಾತುಮ್ಮ ಮೀನು ಕೊಯ್ಯುತ್ತಿದ್ದರು.

"ಟೀಚರೆ! ಎಂತ ಈಚೆ ಬಂದದ್ದು? ಕೊಡಪಾನ ಬಾವಿಗೆ ಬಿತ್ತಾ?" ಎಂದವರು ನನ್ನ ಕೈಯಲ್ಲಿದ್ದ ಗಂಟು ಕಂಡು ಎದ್ದು ನಿಂತರು. ಸ್ವರ ತಗ್ಗಿಸಿದರು. "ಒಳಗೆ ಬನ್ನಿ, ಒಳಗೆ ಬನ್ನಿ. ನಾನು ಯಾರತ್ರವೂ ಹೇಳುದಿಲ್ಲ. ಕಾಂಪೌಂಡರ್ ಹೇಳಿದ್ದಾರೆ, ನಿಮ್ಮತ್ರ ಎರಡು ವರ್ಷದ ಒಂದು ಮಗು ಉಂಟು ಅಂತ. ನಿನ್ನೆಯೇ ಪೇಟೆಗಿಡೀ ಗೊತ್ತಾಗಿದೆ. ಪಾಪ, ಅದು ಎಂತ ತಪ್ಪು ಮಾಡಿದೆ? ಕೊಡಿ ಇಲ್ಲಿ."

ನನ್ನ ಮಾನವೆಲ್ಲ ಒಂದು ಸಂಜೆಯಲ್ಲಿ ಪೇಟೆ ಸುತ್ತಿ ಬಂದಿತ್ತು. ನಾನು ಅಲ್ಲವೆನ್ನುವಷ್ಟರಲ್ಲಿ ಅವರು ಟವೆಲಿನ ಸೆರಗು ಸರಿಸಿದ್ದರು.

"ಯಾ ಅಲ್ಲಾ! ಇದಕ್ಕೆ ಮೀಸೆ ಉಂಟಲ್ಲಾ!"

ಅವರು ರುಬ್ಬುವ ಕಲ್ಲಿನ ಮೇಲೆ ಕುಳಿತು ನಕ್ಕರು. ಕಣ್ಣೊರೆಸಿಕೊಂಡು ಮತ್ತೊಮ್ಮೆ ನಕ್ಕರು. "ಇದು ನನ್ನ ಮೀನುಕಳ್ಳ ಅಲ್ವಾ ಟೀಚರೆ!"

"ನನ್ನ ಬೆಕ್ಕು ಮೀನು ತಿನ್ನುವುದಿಲ್ಲ," ಎಂದೆ.

"ತಿನ್ನುದಿಲ್ಲವಾ? ನಿಮ್ಮ ಹಾಲನ್ನ ತಿಂದು ಇಷ್ಟು ದಪ್ಪ ಆದದ್ದಾ ಮಾರಾಯ್ರೆ? ಬೂತಾಯಿ ಮೀನಿನ ತಲೆ. ದಿನಾ ಮಧ್ಯಾಹ್ನ."

ನಾನು ಶಾಲೆಯಲ್ಲಿರುವ ಹೊತ್ತು. ವಾದಿಸಲು ಅವಕಾಶವಿರಲಿಲ್ಲ; ಬೆಕ್ಕು ಆಗಲೇ ಅವರ ಕೈಯ ವಾಸನೆಗೆ ಮೂಗು ಅರಳಿಸುತ್ತಿತ್ತು. ಅವರು ಅದನ್ನು ಮಡಿಲಿಗೆ ಹಾಕಿಕೊಂಡು, ಬ್ಯಾರಿ ಭಾಷೆಯಲ್ಲಿ ಏನೋ ಹೇಳುತ್ತ ಕಾಲನ್ನು ನನ್ನ ಮುಂದೆ ಹಿಡಿದರು. ನಾನು ಕತ್ತರಿ ಆಡಿಸಿದೆ. ಒಂದು ಕೂಗು, ಅಷ್ಟೆ. ತುಂಡು ಬಿತ್ತು. ತೊಳೆದು ಪುಡಿ ಹಾಕಿದೆ.

"ಕಾಂಪೌಂಡರ್ ಹೇಳಿದ್ದನ್ನು ನೀವು ನಂಬಿದಿರಾ?" ಎಂದು ಆಮೇಲೆ ಕೇಳಿದೆ.

"ಸ್ವಲ್ಪ ನಂಬಿದೆ. ಗೋಡೆಯಾಚೆ ನೀವು ಮಾತಾಡುದು ಕೇಳ್ತದಲ್ಲ. 'ಊಟ ಆಯಿತಾ' ಅಂತ ಕೇಳ್ತೀರಿ. 'ನಿದ್ದೆ ಬರುತ್ತಾ' ಅಂತ ಕೇಳ್ತೀರಿ. ಯಾರೂ ಎಂತದೂ ಹೇಳುದಿಲ್ಲ." ಅವರು ಬೆಕ್ಕಿನ ಕಿವಿಯ ಹಿಂದೆ ತುರಿಸುತ್ತಿದ್ದರು. "ಒಮ್ಮೊಮ್ಮೆ ಈಚೆಯಿಂದ ನಾನೇ ಹೇಳ್ತೇನೆ, 'ಆಯ್ತು' ಅಂತ. ನಿಮಗೆ ಕೇಳ್ಲಿಕ್ಕಿಲ್ಲ."

ಕೇಳಿರಲಿಲ್ಲ.

ಮುಂದಿನ ದಿನಗಳಲ್ಲಿ ಸಂಜೆ ನಾನು ಪುಡಿ ಹಿಡಿದು ಹೋಗುವುದು, ಅವರು ಬೆಕ್ಕು ಹಿಡಿಯುವುದು ರೂಢಿಯಾಯಿತು. ಕೆಲಸ ಮುಗಿಯಲು ಎಷ್ಟು ಹೊತ್ತು ಬೇಕು! ಆದರೆ ಪುಡಿ ಆರಬೇಕು, ಬೆಕ್ಕು ಅದನ್ನು ನೆಕ್ಕದಂತೆ ಕಾಯಬೇಕು. ಕಾಯುತ್ತ ಮಗಳ ಮನೆಯ ಸುದ್ದಿ, ಬೊಂಬಾಯಿಯ ಸುದ್ದಿ. "ಯಜಮಾನ್ರು ವರ್ಷಕ್ಕೊಮ್ಮೆ ಬರುದು. ಬಂದಾಗ ಊರಿಡೀ ಚಾವಡಿಯಲ್ಲಿ. ಹೋದ ಮೇಲೆ ನಾನು, ಕೋಳಿಗಳು." ನಾನು ಮೈಸೂರಿನ ಸುದ್ದಿ ಹೇಳಿದೆ. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿರಬೇಕು; ಒಂದು ಸಂಜೆ ಮನೆಗೆ ಬಂದು ಅಳೆದು ನೋಡಿ ನಾಚಿಕೆಯಾಯಿತು.

ಬೆಕ್ಕಿಗೆ ನನ್ನ ಪರಿಸ್ಥಿತಿ ಅರ್ಥವಾಗಲಿಲ್ಲ. ಅದು ಬೇಗನೆ ವಾಸಿಯಾಯಿತು. ಒಂದು ಸಂಜೆ ಕಾಲು ಒತ್ತಿ ನೋಡಿದರೆ ನೋವಿಲ್ಲ, ಊತವಿಲ್ಲ. "ಗುಣ ಆಯ್ತು," ಎಂದರು ಬೀಫಾತುಮ್ಮ. "ಹೌದು, ಗುಣವಾಯಿತು," ಎಂದೆ. ಇಬ್ಬರೂ ಅದನ್ನು ಒಳ್ಳೆಯ ಸುದ್ದಿಯ ಹಾಗೆ ಹೇಳಲಿಲ್ಲ. ಆಮೇಲೆ ಹೋಗಲು ಕಾರಣವಿರಲಿಲ್ಲ, ಕಾರಣವಿಲ್ಲದೆ ಹೋಗುವುದು ನನಗೆ ಬರುತ್ತಿರಲಿಲ್ಲ. ಸಂಜೆ ಬೆಕ್ಕನ್ನು ಅಂಗಾತ ಮಲಗಿಸಿ ಉಳಿದ ಉಗುರುಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಅದರ ಆರೋಗ್ಯದ ಚಿಂತೆಯಿಂದ ಎಂದು ಹೇಳಿದರೆ ನೀವು ನಂಬಬೇಕಾಗಿಲ್ಲ. ಎಲ್ಲವೂ ಹೊಸ ಸೂಜಿಯಂತಿದ್ದವು. ಊಟ ಆಯಿತೇ ಎಂದು ಬೆಕ್ಕನ್ನು ಕೇಳಲೂ ಈಗ ಸಂಕೋಚ. ಕೇಳಿದರೂ ಗೋಡೆಯ ಹತ್ತಿರ ಹೋಗಿ, ಸ್ವಲ್ಪ ಗಟ್ಟಿಯಾಗಿ ಕೇಳುತ್ತಿದ್ದೆ.

ಹೀಗೆ ಕೆಲವು ದಿನ ಕಳೆದ ಮೇಲೆ ನನ್ನ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಬೀಫಾತುಮ್ಮ, ಕಂಕುಳಲ್ಲಿ ಒಂದು ಕೆಂಪು ಹೇಂಟೆ ಕೋಳಿ.

"ಟೀಚರೆ, ಇದರ ಉಗುರಿಗೆ ಎಂತದೋ ಆದ ಹಾಗೆ ಕಾಣ್ತದೆ. ನೀವು ಸ್ವಲ್ಪ ನೋಡ್ತೀರಾ? ನಾನು ಹಿಡ್ಕೊಳ್ತೇನೆ."

ಹೇಂಟೆಯನ್ನು ಹಿಡಿದುಕೊಳ್ಳುವ ಅಗತ್ಯವೇ ಇರಲಿಲ್ಲ. ಅದು ಮಡಿಲಲ್ಲಿ ನೆಮ್ಮದಿಯಿಂದ ತೂಕಡಿಸುತ್ತಿತ್ತು. ಲಾಟೀನು ಹತ್ತಿರ ತಂದು ಎರಡೂ ಕಾಲು ನೋಡಿದೆ. ಬೆಕ್ಕೂ ಬಂದು ಬಹಳ ಆಸಕ್ತಿಯಿಂದ ನೋಡಿತು. ಅಷ್ಟು ಆರೋಗ್ಯವಂತ ಉಗುರುಗಳನ್ನು ನಾನು ಯಾವ ಪ್ರಾಣಿಯಲ್ಲೂ ಕಂಡಿಲ್ಲ. ತಲೆಯೆತ್ತಿದರೆ ಬೀಫಾತುಮ್ಮ ನನ್ನ ಮುಖವನ್ನಲ್ಲ, ಗೋಡೆಯನ್ನು ನೋಡುತ್ತಿದ್ದರು.

"ಸ್ವಲ್ಪ ಊದಿದ ಹಾಗೆ ಉಂಟು," ಎಂದೆ. "ದಿನಾ ನೋಡಬೇಕಾಗುತ್ತದೆ."

"ನನಗೂ ಹಾಗೇ ಕಂಡದ್ದು," ಎಂದು ಅವರು ಕಾಲು ಚಾಚಿ ಕುಳಿತರು.

ಮರುದಿನ ಪುಡಿ ತರಲು ಪೇಟೆಗೆ ಹೋದೆ. ಕಾಂಪೌಂಡರು ಈ ಸಲ ಮೊದಲೇ ಎಚ್ಚರ ವಹಿಸಿದರು. "ಮನುಷ್ಯರಿಗಾ ಟೀಚರೆ?"

"ಅಲ್ಲ, ಕೋಳಿಗೆ," ಎಂದೆ, ಬೆಂಚಿನಲ್ಲಿದ್ದವರಿಗೆಲ್ಲ ಕೇಳುವಂತೆ.

"ಯಾವ ಕಾಲು?"

ಅದೊಂದನ್ನು ನಾವು ತೀರ್ಮಾನಿಸಿಯೇ ಇರಲಿಲ್ಲ. ಬೀಫಾತುಮ್ಮನನ್ನು ಕೇಳಿ ಹೇಳುತ್ತೇನೆಂದು ಹೇಳಿ, ಪುಡಿಯನ್ನೂ ಮರೆತು, ಲಗುಬಗೆಯಿಂದ ಅವರ ಹಿತ್ತಲಿಗೆ ನಡೆದೆ.