ದಟ್ಟಗಳ್ಳಿಯ ರಾಷ್ಟ್ರಪತಿ

ಸಿದ್ದಲಿಂಗಸ್ವಾಮಿಯವರು ಬಡಾವಣೆ ಸಂಘದ ಅಧ್ಯಕ್ಷರಾದದ್ದು ಕಾಲು ಜೋಮು ಹಿಡಿದದ್ದರಿಂದ. ಭಾನುವಾರ ಬೆಳಿಗ್ಗೆ ದಟ್ಟಗಳ್ಳಿಯ ಪಾರ್ಕಿನಲ್ಲಿ ಸಭೆ. ‘ಅಧ್ಯಕ್ಷರಾಗೋಕೆ ಯಾರು ತಯಾರು?’ ಎಂದು ಯಾರೋ ಕೇಳಿದ ಗಳಿಗೆಯಲ್ಲೇ ಅವರು ಕಾಲು ಕೊಡವಲು ಎದ್ದು ನಿಂತರು. ಚಪ್ಪಾಳೆ ಬಿತ್ತು. ಮತ್ತೆ ಕೂರುವಷ್ಟರಲ್ಲಿ ಹಾರವೂ ಬಿತ್ತು.

ಮೊದಲು ಖುಷಿಯೇ ಆಯಿತು. ಸಂಘದ ಬೈಲಾ ಬರೆದಿದ್ದ ನಿವೃತ್ತ ಮೇಷ್ಟರು ಸ್ವಂತವಾಗಿ ಯೋಚಿಸುವ ಉಸಾಬರಿಗೆ ಹೋಗದೆ, ದೇಶದ ಸಂವಿಧಾನವನ್ನೇ ಭಟ್ಟಿ ಇಳಿಸಿ, ‘ರಾಷ್ಟ್ರಪತಿ’ ಇದ್ದಲ್ಲೆಲ್ಲ ‘ಅಧ್ಯಕ್ಷ’ ಎಂದು ತಿದ್ದಿದ್ದರು. ಹಾಗಾಗಿ ಅಗ್ರಹಾರದಲ್ಲಿ ಕನ್ನಡಕ ಮಾರುವ ಸ್ವಾಮಿಯವರು ಒಂದೇ ಏಟಿಗೆ ಸೇನೆಯ ಮಹಾದಂಡನಾಯಕರೂ ಆದರು. ಸೇನೆ ಎಂದರೆ ವಾಚ್‌ಮನ್ ಒಬ್ಬನೇ. ಅವನ ಕೋಲು, ಟಾರ್ಚು, ಸೀಟಿ ಸೇರಿ ಮೂರು ಪಡೆ.

ಆ ಧೈರ್ಯದಲ್ಲೇ ಪಾರ್ಕಿನ ಮೂಲೆಯ ಕೆಂಚಮ್ಮನಿಗೆ, ನಿನ್ನ ಇಡ್ಲಿ ಗಾಡಿ ಎತ್ತಿಸಲು ಬಿಡೆನೆಂದು ಮಾತು ಕೊಟ್ಟುಬಿಟ್ಟರು. ಆ ಗಾಡಿಯ ಹಬೆಯಲ್ಲೇ ಆಕೆ ಮಗಳು ವರ್ಷಿಣಿಯನ್ನು ನರ್ಸಿಂಗ್ ಓದಿಸುತ್ತಿದ್ದಳು.

ಮನೆ ಸೇರುವ ಮೊದಲೇ ಫೋನು ಶುರುವಾಯಿತು. ಒಬ್ಬರಿಗೆ ಚರಂಡಿ, ಒಬ್ಬರಿಗೆ ಬೀದಿದೀಪ, ಇನ್ನೊಬ್ಬರ ಚಪ್ಪಲಿ ಮತ್ತೊಬ್ಬರ ನಾಯಿಯ ಬಾಯಲ್ಲಿ. ಊಟದ ಹೊತ್ತಿಗೆ ಕಿವಿ ರೊಟ್ಟಿ ಹೆಂಚಿನಂತೆ ಕಾದಿತ್ತು. ಸಂಜೆಗೇ ರಾಜೀನಾಮೆ ಎಂದು ತೀರ್ಮಾನಿಸಿದರು.

ಆಗ ಉಪಾಧ್ಯಕ್ಷ ನಾಗಾರ್ಜುನ ಬಂದ. ರೈಲ್ವೆ ಸ್ಟೇಷನ್ನಿನ ಧ್ವನಿವರ್ಧಕದಂತೆ ಮೂಗಿನಲ್ಲೇ ಮಾತು. ಗಾಡಿ ಎತ್ತಿಸಲು ಸಮಿತಿ ನಿರ್ಣಯ ಮಾಡಿದೆ, ಅಧ್ಯಕ್ಷರ ಸಹಿ ಬಿದ್ದರೆ ನಾಳೆಯೇ ಪಾಲಿಕೆಗೆ ಹೋಗುತ್ತದೆ ಎಂದ. ಆ ಜಾಗ ಅವನ ಹೊಸ ಕಾರಿನ ಅಳತೆಗೆ ಸರಿಯಾಗಿದ್ದದ್ದು ಎಲ್ಲರಿಗೂ ಗೊತ್ತಿತ್ತು.

‘ನಾನು ಹಾಕಲ್ಲ ಕಣ್ರೀ.’

‘ಬೈಲಾ ನೋಡಿ ಸಾರ್. ನಿಮಗೆ ಹಾಕೋ ಅಧಿಕಾರ ಇದೆ, ಹಾಕಲ್ಲ ಅನ್ನೋ ಅಧಿಕಾರ ಇಲ್ಲ.’

ಸ್ವಾಮಿಯವರು ಒಳಗೆ ಓಡಿದರು. ಮಗಳು ರಕ್ಷಿತಾ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಳು. ಅವನು ಹೇಳಿದ್ದು ನಿಜವೆಂದಳು. ಬೇಕಾದರೆ ಮರುಪರಿಶೀಲನೆಗೆ ಒಂದು ಸಲ ವಾಪಸ್ ಕಳಿಸಬಹುದು, ಅಷ್ಟೇ.

ಕಳಿಸಿದರು. ಸಮಿತಿಯವರು ಕಾಂಪೌಂಡಿನ ಪಕ್ಕದಲ್ಲೇ ನಿಂತು, ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಮರುಪರಿಶೀಲಿಸಿ ಅದನ್ನೇ ಮತ್ತೆ ಕಳಿಸಿದರು.

‘ಕ್ಷಮಾದಾನ ಮಾಡಿಬಿಡ್ಲೇನೆ?’

‘ಅದು ಅಪರಾಧಿಗಳಿಗೆ ಅಪ್ಪಾ. ಇಡ್ಲಿ ಮಾಡೋದು ಅಪರಾಧ ಅಲ್ಲ.’

‘ಅವಳ ಚಟ್ನಿ ಅಪರಾಧವೇ ಕಣೆ.’

ರಕ್ಷಿತಾ ನಗುತ್ತಾ ಬೈಲಾ ತಿರುವಿಹಾಕಿದವಳು ಒಂದು ಕಡೆ ಬೆರಳಿಟ್ಟು ನಿಂತಳು. ‘ಸಹಿ ಹಾಕಬೇಕು ಅಂತ ಇದೆ ಅಪ್ಪಾ. ಯಾವಾಗ ಅಂತ ಇಲ್ಲ.’

ಸ್ವಾಮಿಯವರು ನಿರ್ಣಯವನ್ನು ನಾಲ್ಕಾಗಿ ಮಡಚಿ ಜೇಬಿಗಿಳಿಸಿ, ರಾಷ್ಟ್ರಪತಿ ಭವನದಿಂದ ಇಳಿದವರಂತೆ ಮೆಲ್ಲಗೆ ಜಗಲಿಗೆ ಬಂದರು. ‘ಪರಿಶೀಲನೆಯಲ್ಲಿದೆ.’

‘ಎಷ್ಟು ದಿನ ಸಾರ್?’

‘ಅದನ್ನೂ ಪರಿಶೀಲಿಸಬೇಕು.’

ನಾಗಾರ್ಜುನನ ಮುಖ, ಎಣ್ಣೆ ಕಾಯುವ ಮೊದಲೇ ಬಿಟ್ಟ ಬೋಂಡದಂತೆ ತಳ ಸೇರಿತು.

ಗೆದ್ದ ಹುರುಪಿನಲ್ಲಿ ಸ್ವಾಮಿಯವರು ರಾಜೀನಾಮೆ ಬರೆಯಲು ಕೂತರು. ಅರ್ಧ ಬರೆದಿದ್ದರು, ರಕ್ಷಿತಾ ಹೆಗಲ ಮೇಲಿಂದ ಬಗ್ಗಿ ನೋಡಿದಳು.

‘ನೀವಿಳಿದ್ರೆ ಸಹಿ ಹಾಕೋದು ಯಾರು ಅಪ್ಪಾ?’

‘ಉಪಾಧ್ಯಕ್ಷ...’ ಪೆನ್ನು ನಿಂತಿತು. ಹಾಳೆ ಹರಿದು, ಅಂಗಿ ತೊಟ್ಟು ಪಾರ್ಕಿನ ಕಡೆ ಹೊರಟರು.

ಕೆಂಚಮ್ಮನ ಗಾಡಿಯ ಸುತ್ತ ಸಂಜೆಯ ಗಿರಾಕಿಗಳು ಜೇನುಹುಳುಗಳಂತೆ ಮುತ್ತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು. ಅವಳ ಮುಖ ಬೆಳಗುತ್ತಿತ್ತು. ಗಾಡಿ ಉಳಿಯಿತಲ್ಲ ಎಂದು ಸ್ವಾಮಿಯವರಿಗೂ ಎದೆ ತುಂಬಿತು. ಆದರೂ ರಾಜೀನಾಮೆಯ ಆಸೆ ಬಿಡಲಿಲ್ಲ.

‘ಮಗಳ ಓದು ಮುಗಿದು ಕೆಲಸ ಸಿಕ್ಮೇಲೆ ಗಾಡಿ ನಿಲ್ಲಿಸ್ತೀಯೇನಮ್ಮ?’

‘ಯಾಕ್ ನಿಲ್ಲುಸ್ಲಿ ಸ್ವಾಮ್ಯೋರೇ? ನಮ್ಮವ್ವ ಎಂಬತ್ತು ದಾಟಿದ್ರೂ ನಂಜನಗೂಡಲ್ಲಿ ಇನ್ನೂ ದೋಸೆ ಉಯ್ತಾವ್ಳೆ,’ ಎಂದ ಕೆಂಚಮ್ಮ ಅಧ್ಯಕ್ಷರ ತಟ್ಟೆಗೆ ಇನ್ನೊಂದು ಇಡ್ಲಿ ಇಟ್ಟಳು. ‘ನಂಗಿನ್ನೂ ನಲವತ್ತೈದು.’